ಮಲೆನಾಡಿನ ಹಿತ್ತಿಲಿನಲ್ಲಿ ದೊಡ್ಡ ಎಲೆಯ ಗಿಡಗಳ ವ್ಯವಸಾಯ

ಮೂಡಿಗೆರೆ ಮತ್ತು ಕಳಸದ ಸೀಮೆಯ ಹಿಡುವಳಿದಾರರ ಹಾಗೂ ಗ್ರಾಮದ ಯಜಮಾನರ ಉಪಯೋಗಕ್ಕಾಗಿ

ಪೀಠಿಕೆ

ಮೂಡಿಗೆರೆ ಮತ್ತು ಕಳಸದ ಸೀಮೆಯಲ್ಲಿ ಕಾಫಿ, ಅಡಿಕೆ, ಏಲಕ್ಕಿ, ಮೆಣಸುಗಳ ತೋಟಗಳಿಗೆ ಸಲ್ಲುವ ಗಮನದಲ್ಲಿ ಅಲ್ಪ ಪಾಲೂ ಮನೆಯ ಹಿಂದಣ ಹಿತ್ತಿಲಿಗೆ ಸಲ್ಲುವುದಿಲ್ಲ. ಆದರೂ ಊಟಕ್ಕೆ ಹಾಸುವ ಬಾಳೆಯೆಲೆ, ಆಷಾಢದಲ್ಲಿ ಪತ್ರೊಡೆಗೆ ಬೇಕಾದ ಕೆಸುವಿನೆಲೆ, ಕಡುಬಿಗೆ ಸುತ್ತುವ ಅರಿಶಿನದೆಲೆ, ಮಳೆಗಾಲ ಕಳೆದ ಮೇಲೆ ಪಲ್ಯಕ್ಕೂ ಹುಳಿಗೂ ಒದಗುವ ಸುವರ್ಣಗಡ್ಡೆ, ಇವೆಲ್ಲವೂ ಆ ಹಿತ್ತಿಲಿನಿಂದಲೇ ಬರತಕ್ಕವು. ಇವುಗಳ ಬೇಸಾಯಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಆದರೆ ಕ್ರಮ ತಿಳಿದಿರಬೇಕು.

ಈ ಗಿಡಗಳೆಲ್ಲಕ್ಕೂ ಸಮಾನವಾದ ಒಂದು ಗುಣವುಂಟು. ಇವನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಸುವುದಿಲ್ಲ. ಕಂದಿನಿಂದಲೋ ಗಡ್ಡೆಯಿಂದಲೋ ಬೆಳೆಸುತ್ತಾರೆ. ಒಂದು ಮನೆಯಲ್ಲಿ ಒಳ್ಳೆಯ ಬಾಳೆಯಿದ್ದರೆ ಅದರ ಕಂದು ನೆಂಟರ ಮನೆಗೂ ನೆರೆಮನೆಗೂ ಹೋಗುವುದು ವಾಡಿಕೆ. ಈ ವಾಡಿಕೆಯಿಂದ ಒಳ್ಳೆಯ ತಳಿಗಳು ಖರ್ಚಿಲ್ಲದೆ ಊರೂರಿಗೆ ಹರಡಿದವು. ರೋಗಗಳು ಹರಡಿದ್ದೂ ಇದರಿಂದಲೇ. ಆದಕಾರಣ ಹಿತ್ತಿಲಿನ ಬೇಸಾಯವು ಒಂದೊಂದು ಮನೆಯ ಸ್ವಂತ ವಿಷಯವೆಂದು ಭಾವಿಸುವುದು ಸರಿಯಲ್ಲ. ಒಬ್ಬನ ಹಿತ್ತಿಲಿನಲ್ಲಿ ಅಲಕ್ಷ್ಯವಾಗಿ ಬಿಟ್ಟ ಒಂದು ರೋಗದ ಬುಡವು ಇಡೀ ಊರಿನ ಬಾಳೆಯನ್ನು ಕೆಡಿಸಬಲ್ಲುದು.

1. ದೊಡ್ಡ ಎಲೆಯ ಸ್ವಭಾವ

ಬಾಳೆ, ಕೆಸು, ಅರಿಶಿನ ಮೊದಲಾದವು ತೇವವೂ ನೆರಳೂ ಇರುವ ಉಷ್ಣದೇಶದ ಕಾಡುಗಳ ಸಂತತಿಗೆ ಸೇರಿದವು. ಅಲ್ಲಿ ಬೆಳಕು ಮರಗಳ ಸಂದಿನಿಂದ ಸ್ವಲ್ಪ ಸ್ವಲ್ಪವಾಗಿ ಬೀಳುವುದರಿಂದ ಅದನ್ನು ಹಿಡಿಯಲು ಅಗಲವಾದ ಎಲೆ ಅನುಕೂಲ. ಆದರೆ ಎಲೆ ಅಗಲವಾದಷ್ಟೂ ಅದರಿಂದ ಆವಿಯಾಗಿ ಹೋಗುವ ನೀರು ಹೆಚ್ಚು, ಗಾಳಿಯ ಪೆಟ್ಟೂ ಹೆಚ್ಚು. ಬಾಳೆಯೆಲೆಯ ನರಗಳು ನಡುದಿಂಡಿನಿಂದ ಅಂಚಿನವರೆಗೆ ಒಂದರ ಪಕ್ಕದಲ್ಲೊಂದು ಹರಿಯುವುದರಿಂದ ಗಾಳಿಗೆ ಅದು ಆ ಸಾಲಿನಲ್ಲಿಯೇ ಸೀಳುತ್ತದೆ. ಒಂದೆರಡು ಸೀಳಿನಿಂದ ಗಿಡಕ್ಕೆ ಬಾಧಕವಿಲ್ಲ. ಎಲೆ ಚಿಂದಿಯಾದರೆ ಮಾತ್ರ ಗೊನೆ ಬಡವಾಗುತ್ತದೆ, ಊಟದ ಎಲೆಯಂತೂ ದೊರೆಯುವುದೇ ಇಲ್ಲ.

ಮೂಡಿಗೆರೆಯು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಇಲ್ಲಿ ವರ್ಷದ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಪುಷ್ಯಮಾಸದಿಂದ ಹೂಮಳೆ ಬರುವವರೆಗೆ ನೆಲ ಒಣಗುತ್ತದೆ. ಆದ್ದರಿಂದ ಇಲ್ಲಿನ ರೈತನು ಪರಸ್ಪರ ವಿರುದ್ಧವಾದ ಎರಡು ಕೆಲಸಗಳನ್ನು ಮಾಡಬೇಕು: ಆಷಾಢದಲ್ಲಿ ಬುಡದಿಂದ ನೀರನ್ನು ಹೊರಗೆ ಕಳುಹಿಸಬೇಕು, ಮಾಘದಲ್ಲಿ ಅದೇ ಬುಡದಲ್ಲಿ ತೇವವನ್ನು ಉಳಿಸಬೇಕು.

2. ಸ್ಥಳವನ್ನು ಆರಿಸುವುದು

ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುವುದರಿಂದ ಮನೆಯ, ಕೊಟ್ಟಿಗೆಯ ಅಥವಾ ದರೆಯ ಪೂರ್ವದ ಮಗ್ಗುಲು ಈ ಗಿಡಗಳಿಗೆ ಶ್ರೇಷ್ಠವಾದದ್ದು. ಅಲ್ಲಿ ಗಾಳಿಗೆ ಮರೆಯೂ ಬೆಳಗಿನ ಬಿಸಿಲೂ ಎರಡೂ ದೊರೆಯುತ್ತವೆ. ಅಂತಹ ಮರೆ ಇಲ್ಲದ ಕಡೆ ಪಶ್ಚಿಮದ ಅಂಚಿನಲ್ಲಿ ಹಾಲವಾಣದ ಗೂಟಗಳನ್ನು ಒತ್ತಾಗಿ ನೆಟ್ಟು ಬೇಲಿ ಮಾಡಬಹುದು; ಅದರ ಸೊಪ್ಪು ಗೊಬ್ಬರಕ್ಕೂ ಆಗುತ್ತದೆ.

ಗೋಡೆಗೆ ಒತ್ತಿ ಬಾಳೆಯನ್ನಾಗಲಿ ಕೆಸುವನ್ನಾಗಲಿ ನೆಡಕೂಡದು. ಗೋಡೆಗೆ ಶೀತ ಹಿಡಿಯುವುದಲ್ಲದೆ ಹಾವು ಚೇಳುಗಳು ಸೇರಿಕೊಳ್ಳುತ್ತವೆ. ಎಂಟು ಹತ್ತು ಅಡಿ ಬಯಲು ಬಿಟ್ಟು ನೆಡುವುದು ಮೇಲು.

ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಬಿಡುವುದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿಯೂ ಹೌದು. ಆದರೆ ವರ್ಷವಿಡೀ ಒಂದೇ ಬುಡಕ್ಕೆ ಬಿಟ್ಟರೆ ಅಲ್ಲಿ ನೀರು ಕೊಳೆತು ಬೇರು ಕೆಡುತ್ತದೆ, ಸೊಳ್ಳೆ ಹೆಚ್ಚುತ್ತದೆ. ಸಣ್ಣ ಕಾಲುವೆ ತೆಗೆದು ಈ ವಾರ ಒಂದು ಸಾಲಿಗೆ, ಬರುವ ವಾರ ಮತ್ತೊಂದು ಸಾಲಿಗೆ ನೀರನ್ನು ತಿರುಗಿಸಬೇಕು. ಮಳೆಗಾಲದಲ್ಲಿ ಆ ನೀರನ್ನು ಹಿತ್ತಿಲಿನಿಂದ ಹೊರಗೆ ಸಾಗಿಸಬೇಕು.

ಕಾಡಾನೆಯ ಸಂಚಾರವಿರುವ ಗ್ರಾಮಗಳಲ್ಲಿ ಇನ್ನೊಂದು ವಿಚಾರವುಂಟು. ಬಾಳೆಯೂ ಹಲಸೂ ಆನೆಗೆ ಬಹಳ ಪ್ರಿಯವಾದವು. ಕಾಡಿನ ಅಂಚಿನ ಮನೆಗಳವರು ವಾಸದ ಕೋಣೆಗೆ ಸಮೀಪದಲ್ಲಿ ಬಾಳೆಯ ದೊಡ್ಡ ಗುಂಪನ್ನು ಬೆಳೆಸದಿರುವುದು ಕ್ಷೇಮ. ಅಂತಹ ಕಡೆ ಕೆಸು, ಅರಿಶಿನಗಳಿಗೆ ಹೆಚ್ಚು ಸ್ಥಳ ಕೊಟ್ಟು, ಬಾಳೆಯನ್ನು ಎಲೆಗೆ ಬೇಕಾದಷ್ಟು ಮಾತ್ರ ಇಟ್ಟುಕೊಂಡು, ಗೊನೆ ಹಣ್ಣಾಗುವವರೆಗೆ ಬಿಡದೆ ಬಲಿತೊಡನೆ ಕಡಿದುಬಿಡಬೇಕು.

3. ಭೂಮಿ ಮತ್ತು ಗೊಬ್ಬರ

ಭಾರಿ ಮಳೆಯು ಮಣ್ಣಿನ ಸುಣ್ಣದ ಅಂಶವನ್ನೂ ಪೊಟ್ಯಾಷನ್ನೂ ತೊಳೆದುಕೊಂಡು ಹೋಗುವುದರಿಂದ ಮಲೆನಾಡಿನ ಕೆಂಪು ಮಣ್ಣು ಹುಳಿಯಾಗಿರುತ್ತದೆ. ಎಲೆಯ ಗಿಡಗಳಿಗೆ, ಅದರಲ್ಲೂ ಬಾಳೆಗೆ, ಪೊಟ್ಯಾಷ್ ಬಹಳವಾಗಿ ಬೇಕು. ಒಲೆಯ ಬೂದಿಯಲ್ಲಿ ಅದೂ ಸುಣ್ಣವೂ ಎರಡೂ ಇರುವುದರಿಂದ ಬೂದಿಯನ್ನು ತಿಪ್ಪೆಗೆ ಚೆಲ್ಲದೆ ಒಣಗಿದ ಸ್ಥಳದಲ್ಲಿ ಕೂಡಿಡತಕ್ಕದ್ದು. ಬುಡವೊಂದಕ್ಕೆ ಎರಡು ಮೂರು ಬೊಗಸೆಯಂತೆ, ಮಳೆಗೆ ಮೊದಲು ಒಂದಾವರ್ತಿ, ಮಳೆ ನಿಂತ ಮೇಲೆ ಒಂದಾವರ್ತಿ ಹಾಕಿ ಮಣ್ಣಿನಲ್ಲಿ ಬೆರೆಸಬೇಕು. ಹಸಿ ಸಗಣಿಯೊಡನೆ ಬೂದಿಯನ್ನು ಕೂಡಿಸಕೂಡದು. ಕೂಡಿಸಿದರೆ ಸಗಣಿಯ ಸಾರವು ಘಾಟಾಗಿ ಹಾರಿಹೋಗುತ್ತದೆ.

ಕೊಟ್ಟಿಗೆ ಗೊಬ್ಬರವು ಚೆನ್ನಾಗಿ ಕಳಿತದ್ದಾಗಿರಬೇಕು. ಮಳೆ ನಿಂತೊಡನೆ ಬುಡದ ಸುತ್ತ ಅರ್ಧ ಅಡಿ ದಪ್ಪಕ್ಕೆ ದರಗನ್ನಾಗಲಿ ಸೊಪ್ಪನ್ನಾಗಲಿ ಹೊದಿಸಿದರೆ ಬೇಸಗೆಯ ನೀರಿನ ಕೆಲಸ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

4. ಬೆಳೆಸತಕ್ಕ ಗಿಡಗಳು

ಬಾಳೆ.—ಹಿತ್ತಿಲಿಗೆ ಪುಟ್ಟಬಾಳೆ, ನೇಂದ್ರ ಮೊದಲಾದ ತಳಿಗಳು ಹೊಂದುತ್ತವೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಗಳನ್ನು ಆರು ಏಳು ಅಡಿಗೊಂದರಂತೆ ತೋಡಿ, ಎರಡು ಬುಟ್ಟಿ ಗೊಬ್ಬರವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬಬೇಕು. ಕಂದುಗಳಲ್ಲಿ ಎರಡು ಬಗೆ. ಮೊದಲಿನಿಂದಲೇ ಅಗಲವಾದ ಎಲೆ ಬಿಡುವ ನೀರುಕಂದು ನೋಟಕ್ಕೆ ಚೆಲುವಾದರೂ ಅದರ ಗಡ್ಡೆಯಲ್ಲಿ ಬಲವಿರುವುದಿಲ್ಲ. ಬುಡ ದಪ್ಪವಾಗಿ, ಎಲೆ ಕತ್ತಿಯಂತೆ ಕಿರಿದಾಗಿರುವ ಕತ್ತಿಕಂದನ್ನೇ ಆರಿಸಬೇಕು. ಕಂದನ್ನು ಕಿತ್ತ ಮೇಲೆ ಬೇರುಗಳನ್ನು ಸವರಿ ಗಡ್ಡೆಯನ್ನು ತೆಳುವಾಗಿ ಹೆರೆದು ನೋಡಬೇಕು. ಒಳಗೆ ಕಪ್ಪು ಸುರಂಗವಾಗಲಿ ಕೆಂಪು ಕಲೆಯಾಗಲಿ ಕಂಡುಬಂದರೆ ಅದನ್ನು ನೆಡತಕ್ಕದ್ದಲ್ಲ. ಗೊನೆ ಹೊರಡುವವರೆಗೆ ಪಕ್ಕದ ಕಂದುಗಳನ್ನು ಕಡಿಯುತ್ತಿದ್ದು, ಆಮೇಲೆ ಒಂದನ್ನು ಮಾತ್ರ ಉಳಿಸಬೇಕು.

ಎಲೆಯನ್ನೂ ಗೊನೆಯನ್ನೂ ಒಂದೇ ಗಿಡದಿಂದ ಬಯಸುವುದು ಅನೇಕರ ತಪ್ಪು. ಹೂವು ಹೊರಡುವ ಕಾಲಕ್ಕೆ ಗಿಡದಲ್ಲಿ ಎಂಟು ಹಸುರೆಲೆಗಳಾದರೂ ಇದ್ದರೆ ಮಾತ್ರ ಕಾಯಿ ತುಂಬುತ್ತದೆ. ಆದ್ದರಿಂದ ಮದುವೆ ಮುಂಜಿ ಹಬ್ಬಗಳ ಎಲೆಗಾಗಿ ನಾಲ್ಕೈದು ಬುಡಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಲೇಸು.

ಕೆಸು.—ಭರಣಿ ಅಥವಾ ಕೃತ್ತಿಕಾ ಮಳೆಗೆ, ಎರಡು ಅಡಿ ಅಂತರದ ಸಾಲುಗಳಲ್ಲಿ ಒಂದೂವರೆ ಅಡಿಗೊಂದು ಗಡ್ಡೆಯಂತೆ ನೆಡಬೇಕು. ಕೆಸುವಿಗೆ ತೇವ ಬೇಕೆಂಬುದು ನಿಜ. ಆದರೆ ಒತ್ತಾಗಿ ಬೆಳೆದ ಕೆಸುವಿನಲ್ಲಿ ಎಲೆಯ ತೇವ ಆರದೆ ಅಂಗಮಾರಿ ರೋಗ ತಗಲುತ್ತದೆ. ಎಲೆಯ ಮೇಲೆ ನೀರು ಕುಡಿದಂತೆ ದುಂಡಗಿನ ಕಪ್ಪು ಕಲೆಗಳು ಎದ್ದು, ಬಳೆಬಳೆಯಾಗಿ ಹಬ್ಬಿ, ಕೆಲವು ದಿನಗಳಲ್ಲಿಯೇ ಎಲೆ ಜೋತುಬೀಳುತ್ತದೆ. ಇದನ್ನುಂಟುಮಾಡುವ ಬೂಷ್ಟು ಅಡಿಕೆಯ ಕೊಳೆರೋಗದ ಬೂಷ್ಟಿನ ದಾಯಾದಿಯೇ ಆಗಿದೆ. ಮೈಸೂರಿನ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಶೋಧಿಸಿ 1910ರಲ್ಲಿ ಪ್ರಕಟಣೆ ಹೊರಡಿಸಿದರು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಮಲೆನಾಡಿನಲ್ಲಿ ಬೇರೂರಿದ್ದು ಆ ಕೆಲಸದಿಂದ. ಗಡ್ಡೆಗಾಗಿ ಬೆಳೆಸುವ ಕೆಸುವಿಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಪ್ರಮಾಣದ ಅದೇ ದ್ರಾವಣವನ್ನು ಮಳೆಯ ಬಿಡುವಿನಲ್ಲಿ ಹೊಡೆಯಬಹುದು. ಎಲೆಯನ್ನು ಅಡಿಗೆಗೆ ಉಪಯೋಗಿಸುವ ಸಾಲುಗಳಿಗೆ ಹೊಡೆಯಕೂಡದು. ಅಲ್ಲಿ ಕಲೆಬಿದ್ದ ಎಲೆಗಳನ್ನು ದಿನದಿನವೂ ಕೊಯ್ದು ದೂರದಲ್ಲಿ ಹೂಳುವುದೇ ಉಪಾಯ.

ಕೆಸುವಿನ ಎಲೆ, ದಂಟು, ಗಡ್ಡೆಗಳಲ್ಲಿ ಸೂಜಿಯಂತಹ ಸಣ್ಣ ಹರಳುಗಳಿರುವುದರಿಂದ ಬಾಯಿ ಗಂಟಲು ತುರಿಸುತ್ತದೆ. ಹುಣಿಸೆಹುಳಿ ಕೂಡಿಸಿ ಚೆನ್ನಾಗಿ ಬೇಯಿಸುವ ರೂಢಿಗೆ ಇದೇ ಕಾರಣ. ಗುರುತಿಲ್ಲದ ಕಾಡುಗೆಸುವನ್ನು ಅಡಿಗೆಗೆ ತರಬಾರದು. ಮಳೆಗಾಲದಲ್ಲಿ ಮರಗಳ ಮೇಲೆ ಹುಟ್ಟುವ ಮರಕೆಸು ಬೇರೊಂದು ಜಾತಿ. ಹಲಸು ಮಾವುಗಳ ಕವಲಿನಲ್ಲಿ ಅದು ತಾನಾಗಿ ಬಂದರೆ ಕಿತ್ತುಹಾಕದೆ ಉಳಿಸಿಕೊಳ್ಳಬಹುದು.

ಸುವರ್ಣಗಡ್ಡೆ.—ಕೊಡೆ ಬಿಚ್ಚಿದಂತೆ ಒಂದೇ ದಂಟಿನ ಮೇಲೆ ಹರಡುವ ಇದರ ಎಲೆ ನೋಟಕ್ಕೂ ಸೊಗಸು. ಮೊಳಕೆಯ ಭಾಗವುಳ್ಳ ಅರ್ಧದಿಂದ ಒಂದು ಕಿಲೋ ತೂಕದ ಹೋಳುಗಳನ್ನು ಸಗಣಿಯ ಬಗ್ಗಡದಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ, ಮಳೆಗಾಲಕ್ಕೆ ಮೊದಲು ಮೂರು ಅಡಿಗೊಂದರಂತೆ ನೆಡಬೇಕು. ನೀರು ನಿಂತರೆ ಬುಡ ಕೊಳೆಯುವುದರಿಂದ ಏರುಮಡಿ ಅವಶ್ಯ. ಎಂಟು ಒಂಬತ್ತು ತಿಂಗಳಲ್ಲಿ ಎಲೆ ಹಳದಿಯಾಗಿ ಬಿದ್ದ ಮೇಲೆ ಅಗೆಯಬಹುದು. ಕಾಡುಹಂದಿಯ ಕಾಟವಿರುವ ಕಡೆ ಬೇಲಿಯಿಲ್ಲದೆ ಇದನ್ನು ಬೆಳೆಸುವುದು ವ್ಯರ್ಥ.

ಅರಿಶಿನ.—ಹಲಸಿನ ಮರದ ಅರೆನೆರಳಿನಲ್ಲಿಯೂ ಚೆನ್ನಾಗಿ ಬರುತ್ತದೆ. ಏರುಮಡಿಯಲ್ಲಿ ಒಂದು ಅಡಿಗೊಂದರಂತೆ ನೆಟ್ಟು ಸೊಪ್ಪು ಹೊದಿಸಬೇಕು. ಎಲೆಗಾಗಿ ಬುಡವೊಂದಕ್ಕೆ ಒಂದೆರಡನ್ನು ಮಾತ್ರ ಕೊಯ್ಯುವುದು ಸರಿ.

ಕಲ್ಲುಬಾಳೆ.—ಪಶ್ಚಿಮಘಟ್ಟದ ಬಂಡೆಯ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುವ ಈ ಗಿಡ ಬೇಸಗೆಯಲ್ಲಿ ಎಲೆ ಉದುರಿಸಿ, ಮಳೆ ಬಿದ್ದೊಡನೆ ಭಾರಿ ಎಲೆಗಳನ್ನು ಬಿಡುತ್ತದೆ. ಇದು ಕಂದು ಹಾಕುವುದಿಲ್ಲ; ಒಮ್ಮೆ ಗೊನೆಬಿಟ್ಟು ಸಾಯುತ್ತದೆ. ಆದ್ದರಿಂದ ಕಾಡಿನಿಂದ ಗಿಡವನ್ನು ಕಿತ್ತರೆ ಆ ಸ್ಥಳದಲ್ಲಿ ಸಂತತಿಯೇ ಇಲ್ಲದಾಗಬಹುದು. ಬೆಳೆಸಬೇಕೆನ್ನುವವರು ಬೀಜದಿಂದಲೇ ಬೆಳೆಸತಕ್ಕದ್ದು.

ಅಲಂಕಾರದ ಗಿಡಗಳು.—ಬಣ್ಣದ ಕೆಸುವೆಂಬ ಕೆಲಾಡಿಯಂ, ಕ್ಯಾನಾ, ಹೆಲಿಕೋನಿಯಾ, ಮಾನ್‌ಸ್ಟೆರಾ ಮೊದಲಾದ ಪರದೇಶದ ಗಿಡಗಳು ಇಲ್ಲಿನ ತೇವದಲ್ಲಿ ಬೇಗನೆ ಹಬ್ಬುತ್ತವೆ. ಇವನ್ನು ಅಂಗಳದ ಕುಂಡಗಳಲ್ಲಿಯೋ ಕಟ್ಟೆ ಕಟ್ಟಿದ ಮಡಿಗಳಲ್ಲಿಯೋ ಬೆಳೆಸಬೇಕೇ ಹೊರತು ಹಳ್ಳದ ಅಂಚಿಗೆ ಎಸೆಯಬಾರದು. ಡೀಫನ್‌ಬೇಕಿಯಾ ಎಂಬ ಚುಕ್ಕೆಯೆಲೆಯ ಗಿಡವನ್ನು ಅಗಿದರೆ ನಾಲಿಗೆ ಗಂಟಲು ಬಾತುಕೊಳ್ಳುವುದರಿಂದ ಮಕ್ಕಳೂ ಕರುಗಳೂ ಇರುವ ಮನೆಯಲ್ಲಿ ಅದನ್ನು ಕೈಗೆಟುಕದಂತೆ ಇಡಬೇಕು.

5. ಕಂದಿನೊಡನೆ ಬರುವ ಎರಡು ರೋಗಗಳು

ಮೇಲೆ ಹೇಳಿದ ಬೇಸಾಯದಲ್ಲಿ ಸ್ವಲ್ಪ ಕುಂದು ಬಂದರೆ ಒಂದು ವರ್ಷದ ಫಸಲು ಕಡಿಮೆಯಾದೀತು. ಮುಂದೆ ಹೇಳುವ ರೋಗಗಳಲ್ಲಿಯಾದರೋ ಬುಡವೇ ಹೋಗುತ್ತದೆ. ಇವೆರಡೂ ಕಣ್ಣಿಗೆ ಕಾಣದ ವೈರಸ್ಸುಗಳಿಂದ ಬರುತ್ತವೆ. ಒಮ್ಮೆ ತಗಲಿದ ಗಿಡವನ್ನು ಗುಣಪಡಿಸುವ ಔಷಧವು ಯಾವುದೂ ಇಲ್ಲ.

ಬಾಳೆಯ ಗೊಂಚಲುತಲೆ ರೋಗ.—ಹೊಸದಾಗಿ ಬರುವ ಎಲೆಗಳು ಒಂದಕ್ಕಿಂತ ಒಂದು ಕಿರಿದಾಗಿ, ಗಿಡ್ಡವಾಗಿ, ನೆಟ್ಟಗೆ ನಿಂತು ತಲೆಯಲ್ಲಿ ಗೊಂಚಲಿನಂತೆ ಕೂಡಿಕೊಳ್ಳುತ್ತವೆ, ಅಂಚು ಹಳದಿಯಾಗುತ್ತದೆ. ಚಿಕ್ಕಂದಿನಲ್ಲಿ ರೋಗ ತಗಲಿದ ಗಿಡ ಗೊನೆಯನ್ನೇ ಬಿಡುವುದಿಲ್ಲ. ಕತ್ತಿಕಂದಿನ ಎಲೆಯೂ ಕಿರಿದಾದ್ದರಿಂದ ಕೆಲವರು ರೋಗವನ್ನು ಆರೋಗ್ಯವೆಂದೂ ಆರೋಗ್ಯವನ್ನು ರೋಗವೆಂದೂ ತಿಳಿಯುವುದುಂಟು. ಭೇದವು ಹೀಗಿದೆ: ಒಳ್ಳೆಯ ಕಂದಿನಲ್ಲಿ ಪ್ರತಿಯೊಂದು ಹೊಸ ಎಲೆಯೂ ಹಿಂದಿನದಕ್ಕಿಂತ ಅಗಲವಾಗುತ್ತ ಹೋಗುತ್ತದೆ, ರೋಗದ ಗಿಡದಲ್ಲಿ ಕಿರಿದಾಗುತ್ತ ಹೋಗುತ್ತದೆ. ಇನ್ನೂ ಸಂದೇಹವಿದ್ದರೆ ಎಲೆಯನ್ನು ಬೆಳಕಿಗೆ ಹಿಡಿದು ಬೆನ್ನಿನ ಕಡೆಯಿಂದ ನೋಡಬೇಕು. ನಡುದಿಂಡಿನ ಪಕ್ಕದ ನರಗಳ ಮೇಲೂ ಎಲೆಯ ತೊಟ್ಟಿನ ಮೇಲೂ ಕಡುಹಸುರಿನ ಚುಕ್ಕೆಗಳೂ ತುಂಡುಗೆರೆಗಳೂ ಇದ್ದರೆ ರೋಗವು ನಿಶ್ಚಯ.

ಈ ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಾಳೆಯ ಹೇನು ಎಂಬ ಕಪ್ಪುಕಂದು ಬಣ್ಣದ ಸಣ್ಣ ಕೀಟ. ಸುಳಿಯ ಸಂದಿನಲ್ಲಿಯೂ ಬುಡದ ಪಟ್ಟೆಗಳ ಒಳಗೂ ಅದು ಇರುತ್ತದೆ. ಇರುವೆಗಳು ಅದನ್ನು ಸುತ್ತುವರಿದಿರುವುದರಿಂದ ಇರುವೆಯ ಸಾಲೇ ಅದರ ಗುರುತು. ಹತ್ತಿರಕ್ಕೆ ಹೇನು ಒಯ್ಯುತ್ತದೆ. ದೂರದ ಊರುಗಳಿಗೆ ಒಯ್ಯುವುದು ಮನುಷ್ಯನ ಕೈಯಲ್ಲಿರುವ ಕಂದು. ಈ ರೋಗವು ಸಿಂಹಳದಿಂದ 1940ರ ಸುಮಾರಿಗೆ ಕೇರಳವನ್ನು ಸೇರಿ, ಅಲ್ಲಿಂದ ಇತರ ಪ್ರಾಂತಗಳಿಗೆ ಹಬ್ಬಿತು. ತಮಿಳುನಾಡಿನ ಪಳನಿ ಬೆಟ್ಟದ ಹೆಸರಾಂತ ವಿರೂಪಾಕ್ಷಿ ಬಾಳೆ ಈ ರೋಗದಿಂದಲೇ ಬಹಳವಾಗಿ ಕ್ಷೀಣಿಸಿತು.

ಆಸ್ಟ್ರೇಲಿಯಾ ದೇಶದ ಪೂರ್ವ ಕರಾವಳಿಯ ಬಾಳೆತೋಟಗಳು 1920ರ ದಶಕದಲ್ಲಿ ಇದಕ್ಕೆ ತುತ್ತಾಗಿ ಬಹುಭಾಗ ನಾಶವಾದವು. ಹೇನೇ ಇದನ್ನು ಹರಡುವುದೆಂದು ಮ್ಯಾಗೀ ಎಂಬ ವಿಜ್ಞಾನಿಯು ತೋರಿಸಿ 1927ರಲ್ಲಿ ವಿವರವಾಗಿ ಪ್ರಕಟಿಸಿದರು. ಆ ಮೇಲೆ ಅಲ್ಲಿ ಪ್ರತಿ ತೋಟವನ್ನೂ ಪರೀಕ್ಷಿಸಿ, ರೋಗದ ಬುಡವನ್ನು ತಪ್ಪದೆ ನಾಶಮಾಡಿ, ಪರೀಕ್ಷಿಸಿದ ಕಂದನ್ನೇ ನೆಡುವಂತೆ ಕಟ್ಟುಮಾಡಿದರು. ತೋಟಗಳು ಮತ್ತೆ ಚೇತರಿಸಿಕೊಂಡವು. ಗಿಡವನ್ನು ಗುಣಪಡಿಸಲಾಗದಿದ್ದರೂ ಊರನ್ನು ಉಳಿಸಬಹುದೆಂಬುದಕ್ಕೆ ಇದು ನಿದರ್ಶನ.

ಏಲಕ್ಕಿಯ ಕಟ್ಟೆರೋಗ.—ಏಲಕ್ಕಿಯ ಎಳೆಯೆಲೆಗಳಲ್ಲಿ ಮೊದಲು ಕದಿರಿನಾಕಾರದ ತಿಳಿಹಳದಿ ಮಚ್ಚೆಗಳು ತೋರಿ, ಆಮೇಲೆ ನಡುನರದಿಂದ ಅಂಚಿನವರೆಗೆ ಬಿಳಿಚಿದ ಗೆರೆಗಳು ಸಾಲುಸಾಲಾಗಿ ಹರಿಯುತ್ತವೆ. ಬುಡವು ವರ್ಷ ವರ್ಷಕ್ಕೆ ಕುಗ್ಗಿ ಫಸಲು ಇಲ್ಲದಂತಾಗುತ್ತದೆ. ಇದನ್ನು ಹರಡುವುದೂ ಒಂದು ಹೇನೇ. ಬಾಳೆಯ ಹೇನೂ ಏಲಕ್ಕಿಯ ಹೇನೂ ಒಂದೇ ಎಂದು ಬಹುಕಾಲ ತಿಳಿಯಲಾಗಿತ್ತು; ಈಗ ವಿದ್ವಾಂಸರು ಅವನ್ನು ಹತ್ತಿರದ ಎರಡು ಜಾತಿಗಳೆಂದು ಎಣಿಸುತ್ತಾರೆ. ಇಲ್ಲಿ ಹಿತ್ತಿಲಿನವರು ಗಮನಿಸತಕ್ಕ ವಿಷಯವೊಂದುಂಟು. ಏಲಕ್ಕಿಗೆ ರೋಗ ಒಯ್ಯುವ ಹೇನು ಕೆಸುವಿನ ಮೇಲೂ ಬಣ್ಣದ ಕೆಸುವಿನ ಮೇಲೂ ಚೆನ್ನಾಗಿ ಸಂತಾನ ಬೆಳೆಸುತ್ತದೆ. ಕೆಸುವು ರೋಗದ ಮೂಲವಲ್ಲ. ಆದರೆ ರೋಗವನ್ನು ಹೊರುವವನಿಗೆ ಅದು ಬಿಡಾರ. ಆದ್ದರಿಂದ ಏಲಕ್ಕಿಯ ತೋಟದೊಳಗೂ ಅಂಚಿನಲ್ಲಿಯೂ ಕೆಸುವನ್ನು ಇರಗೊಡಬಾರದು. ಏಲಕ್ಕಿಯಿರುವ ಮನೆಯವರು ಕೆಸುವನ್ನು ತೋಟದಿಂದ ದೂರವಾದ ಮಗ್ಗುಲಿನಲ್ಲಿ, ಅಡಿಗೆಗೆ ಬೇಕಾದಷ್ಟು ಮಾತ್ರ ಬೆಳೆಸಬೇಕು.

ಕಟ್ಟೆರೋಗವು ಬೀಜದ ಮೂಲಕ ಬರುವುದಿಲ್ಲವೆಂಬುದು ಒಂದು ದೊಡ್ಡ ಅನುಕೂಲ. ರೋಗದ ತೋಟದಿಂದ ದೂರದಲ್ಲಿ ಒಟ್ಲು ಮಾಡಿ ಬೀಜದಿಂದ ಎಬ್ಬಿಸಿದ ಸಸಿಗಳು ನಿರ್ದೋಷವಾಗಿರುತ್ತವೆ. ನೆರೆಯವರ ಹಳೆಯ ಬುಡವನ್ನು ಒಡೆದು ತಂದು ನೆಡುವವರು ರೋಗವನ್ನು ತಾವೇ ಕೈಹಿಡಿದು ತಂದಂತಾಗುತ್ತದೆ.

ರೋಗದ ಬುಡವನ್ನು ತೆಗೆಯುವ ಕ್ರಮ.—ಅನೇಕರು ರೋಗದ ಬಾಳೆಯನ್ನು ಕಂಡೊಡನೆ ಕಡಿದು ಬೇಲಿಯ ಆಚೆಗೆ ಎಸೆಯುತ್ತಾರೆ. ಇದರಿಂದ ಹೇನುಗಳು ಬಾಡಿದ ಗಿಡವನ್ನು ಬಿಟ್ಟು ಪಕ್ಕದ ಒಳ್ಳೆಯ ಗಿಡಕ್ಕೆ ಹೋಗುವವು. ಮೊದಲು ಸುಳಿಗೂ ಬುಡಕ್ಕೂ ಸೋಪು ಬೆರೆಸಿದ ಬೇವಿನೆಣ್ಣೆಯ ನೀರನ್ನು ಚೆನ್ನಾಗಿ ನೆನೆಯುವಂತೆ ಹೊಡೆದು ಹೇನನ್ನು ಕೊಲ್ಲಬೇಕು. ಆಮೇಲೆ ಬುಡದ ಎಲ್ಲಾ ಕಂದುಗಳನ್ನೂ, ಕಣ್ಣಿಗೆ ಚೆನ್ನಾಗಿ ಕಂಡವನ್ನೂ ಸಹ, ಗಡ್ಡೆಸಮೇತ ಅಗೆದು ತೆಗೆದು, ಸಣ್ಣಗೆ ಕೊಚ್ಚಿ ಒಣಗಿಸಿ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ನೆಲದಲ್ಲಿ ಗಡ್ಡೆಯ ತುಂಡೊಂದು ಉಳಿದರೂ ಅದು ಚಿಗುರಿ ರೋಗವನ್ನು ಮತ್ತೆ ತರುತ್ತದೆ. ಆದಕಾರಣ ಆ ಗುಣಿಯನ್ನು ಮುಂದೆ ಮೂರು ನಾಲ್ಕು ತಿಂಗಳು ನೋಡುತ್ತಿರಬೇಕು.

6. ಗ್ರಾಮದ ಯಜಮಾನರ ಕರ್ತವ್ಯ

ಫಲಕ್ಕೆ ಬಂದಿರುವ ಬುಡವನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಬಡ ಒಕ್ಕಲಿಗೆ ನಾಲ್ಕು ಬುಡಗಳೇ ಇರುವಾಗ ಅವುಗಳಲ್ಲಿ ಎರಡನ್ನು ಕೀಳೆನ್ನುವುದು ಸುಲಭವಾದ ಮಾತಲ್ಲ. ಇಲ್ಲಿ ಯಜಮಾನರ ನೆರವು ಅವಶ್ಯ. ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಒಂದು ದಿನ, ಮಳೆ ನಿಂತ ಮೇಲೆ ಒಂದು ದಿನ, ಊರಿನವರೆಲ್ಲರೂ ಕೂಡಿ ಹಿತ್ತಿಲುಗಳನ್ನು ನೋಡಿಬರುವ ಪದ್ಧತಿ ಮಾಡಿದರೆ ಯಾರೊಬ್ಬರನ್ನೂ ಬೆರಳು ಮಾಡಿ ತೋರಿಸಿದಂತೆ ಆಗುವುದಿಲ್ಲ. ಬುಡವನ್ನು ಕಳೆದುಕೊಂಡ ಮನೆಗೆ ನಿರೋಗಿಯಾದ ಕಂದನ್ನು ಊರಿನವರೇ ಕೊಡುವುದಾದರೆ ಯಾರೂ ರೋಗವನ್ನು ಮುಚ್ಚಿಡಲಾರರು. ಪಡೆದವರಿಗೂ ಕೊಟ್ಟವರಿಗೂ ಇದರಿಂದ ಲಾಭವೇ, ಏಕೆಂದರೆ ಕೊಟ್ಟವನ ಹಿತ್ತಿಲು ಉಳಿಯುವುದು ಪಡೆದವನ ಹಿತ್ತಿಲು ಶುದ್ಧವಾಗಿದ್ದಾಗಲೇ.

ವೈರಸ್ ಪರೀಕ್ಷೆ ಮಾಡಿದ ಅಂಗಾಂಶ ಕೃಷಿಯ ಬಾಳೆಸಸಿಗಳೂ ದೊರೆಯುತ್ತವೆ. ರೋಗದ ಗುರುತಿನಲ್ಲಿ ಸಂದೇಹವಿದ್ದವರು ಮೂಡಿಗೆರೆಯಲ್ಲಿರುವ ತೋಟಗಾರಿಕೆ ಕಾಲೇಜಿನವರಿಗೆ ಎಲೆಯನ್ನು ತೋರಿಸಿ ವಿಚಾರಿಸಬಹುದು. ಆದರೆ ಕಂದನ್ನಾಗಲಿ ಗಡ್ಡೆಯನ್ನಾಗಲಿ ಅಲ್ಲಿಂದಿಲ್ಲಿಗೆ ಹೊತ್ತು ತಿರುಗಬಾರದು.

ಸಾರಾಂಶ

1. ದೊಡ್ಡ ಎಲೆಯ ಗಿಡಗಳನ್ನು ಗಾಳಿಗೆ ಮರೆಯಾದ ಪೂರ್ವದ ಮಗ್ಗುಲಿನಲ್ಲಿ, ಗೋಡೆಯಿಂದ ದೂರವಾಗಿ ನೆಡಬೇಕು.

2. ಮುಂಗಾರಿಗೆ ಮೊದಲು ಬಸಿಗಾಲುವೆಗಳನ್ನು ಸರಿಪಡಿಸಬೇಕು. ಮಳೆ ನಿಂತೊಡನೆ ಬುಡಕ್ಕೆ ದರಗು ಹೊದಿಸಬೇಕು. ಎರಡು ಸಲವೂ ಬೂದಿ ಹಾಕಬೇಕು.

3. ಎಲೆಗೆ ಬೇರೆ ಬಾಳೆ, ಗೊನೆಗೆ ಬೇರೆ ಬಾಳೆ ಇರಬೇಕು.

4. ತಾಯಿಗಿಡವನ್ನು ಹಗಲಿನ ಬೆಳಕಿನಲ್ಲಿ ನೋಡದೆ ಕಂದನ್ನು ತರಬಾರದು, ಕೊಡಲೂಬಾರದು.

5. ಏಲಕ್ಕಿಯ ಹತ್ತಿರ ಕೆಸುವನ್ನೂ ಬಣ್ಣದ ಕೆಸುವನ್ನೂ ಬೆಳೆಸಬಾರದು. ಏಲಕ್ಕಿಯನ್ನು ಬೀಜದ ಸಸಿಯಿಂದ ಬೆಳೆಸಬೇಕು.

6. ರೋಗದ ಬುಡದಲ್ಲಿ ಮೊದಲು ಹೇನನ್ನು ಕೊಂದು, ಆಮೇಲೆ ಗಡ್ಡೆಸಮೇತ ತೆಗೆದು ನಾಶಮಾಡಬೇಕು. ಈ ಕೆಲಸವನ್ನು ಊರಿನವರೆಲ್ಲರೂ ಒಂದೇ ಕಾಲದಲ್ಲಿ ಮಾಡಿದರೆ ಮಾತ್ರ ಪೂರ್ಣ ಫಲ ದೊರೆಯುವುದು.